ಚಿಕ್ಕಮ್ಮನ ಕೆಮ್ಮು ಮತ್ತು ನನ್ನ ಜೀವಕೋಶಗಳು

ವಡ್ಡು ಎಂಬ ಗಣಿಯೂರಿನ ನಮ್ಮ ಚಿಕ್ಕಪ್ಪ ಮೂರನೆಯ ಲಾರಿ ಕೊಂಡ ವರ್ಷವಿರಬೇಕು. ಎರಡನೆಯದೂ ಇರಬಹುದು, ಗಣಿ ಮೆರೆದ ಆ ಕಾಲದ ಲಾರಿಗಳೆಲ್ಲ ನನ್ನ ನೆನಪಿನಲ್ಲಿ ಒಂದೇ ಕೆಂಪು. ಚಿಕ್ಕಮ್ಮ ಕೆಮ್ಮುತ್ತಿದ್ದಳು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ಅದಿರಿನ ಲಾರಿಗಳು ಅವರ ಹೊಸ್ತಿಲು ಸವರಿಕೊಂಡೇ ಹೋಗುತ್ತಿದ್ದವು. ಕಮಲಾಪುರದ ತವರಿಗೆ ಹೋಗಿ ಒಂದಷ್ಟು ತಿಂಗಳು ಇದ್ದು ಬರುತ್ತೇನೆಂದು ಅವಳ ಹಟ. ಹೆಂಡತಿ ಧೂಳಿಗೆ ಹೆದರಿ ಊರು ಬಿಟ್ಟಳೆಂದರೆ ಲಾರಿ ಮಾಲೀಕನ ಮಾನ ಏನಾಗಬೇಕು? ಚಿಕ್ಕಪ್ಪ ಒಪ್ಪಿರಲಿಲ್ಲ.

ರಜೆಗೆ ಬಂದಿದ್ದ ನಾನು ಊಟಕ್ಕೆ ಕೂತಾಗ ನನ್ನ ಸಂಶೋಧನೆಯನ್ನು ವಿವರಿಸಿದೆ. ಯಾರೂ ಕೇಳಿರಲಿಲ್ಲವೆಂದೇ ನೆನಪು. ಮನುಷ್ಯರ ಶ್ವಾಸಕೋಶದ ಜೀವಕೋಶಗಳನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿ ಸಾಕಿ, ಅವು ಬೆಳೆಯುವ ನೀರಿಗೆ ಅದಿರಿನ ಧೂಳು ಬೆರೆಸಿ ಉಣಿಸುತ್ತಿದ್ದೆವು. ಅವು ಕೆರಳುತ್ತಿದ್ದವು. ಕೆರಳಿಸುವ ಸಂದೇಶ ಹೊರಡುವುದು ಒಂದು ಜೀನ್‌ನಿಂದ. ಧೂಳು ಬೆರೆಸುವ ಮೊದಲೇ ನಾವು ಹಾಕಿಡುವ ಎಸ್‌ಐಆರ್‌ಎನ್‌ಎ ಎಂಬ ಪುಟ್ಟ ತುಣುಕು ಆ ಸಂದೇಶವನ್ನು ದಾರಿಯಲ್ಲೇ ಕತ್ತರಿಸಿಹಾಕುತ್ತದೆ. ಜೀನ್ ಇದ್ದಲ್ಲೇ ಇರುತ್ತದೆ. ಕೆಲವು ದಿನ ಅದರ ಮಾತು ನಡೆಯುವುದಿಲ್ಲ, ಅಷ್ಟೆ.

“ಗಣಿ ಮುಚ್ಚಂಗಿಲ್ಲ, ಲಾರಿ ಹಿಡೀತೀರಿ. ಚೆಕ್‌ಪೋಸ್ಟ್ ಅನ್ನಲೇ,” ಎಂದ ಚಿಕ್ಕಪ್ಪ.

“ಹೂಂ, ಆದ್ರ ನಮ್ಮ ಚೆಕ್‌ಪೋಸ್ಟ್ ಲಂಚ ತಗಳಂಗಿಲ್ಲ.”

ಅವನು ನಗಲಿಲ್ಲ. ಹೆಂಡತಿಯತ್ತ ತಿರುಗಿದ. “ಕೇಳಿದ್ಯಾ? ತಪ್ಪು ಧೂಳಿಂದಲ್ಲ, ನಿನ್ನ ಜೀನಿಂದು. ಓದಿದ ಹುಡುಗ ಹೇಳಾಕತ್ಯಾನ.”

“ಹಂಗ ಹೇಳ್ಲಿಲ್ಲ ಚಿಕ್ಕಪ್ಪ. ಯಾವ ಜೀನ್ ಏನ್ ಮಾಡ್ತೈತಿ ಅಂತ ತಿಳಕಳಾಕ ಇದು. ಔಷಧ ಅಲ್ಲ. ಆ ತಟ್ಟೆ ಬಿಟ್ಟು ಇನ್ನೂ ಹೊರಗ ಬಂದಿಲ್ಲ.”

“ಬರ್ತೈತಿ ಬಿಡಲೇ. ಬರಾತನ ಕೆಮ್ಮಲಿ.”

ಚಿಕ್ಕಮ್ಮ ಸಾರು ಬಡಿಸುತ್ತಿದ್ದಳು. “ತಟ್ಯಾಗ ಇರಾವು ಆ ಧೂಳಿನ ನೀರಾಗ ಹಂಗಾ ಇರ್ತಾವೇನಪ್ಪಾ?”

“ಇಲ್ಲ ಚಿಕ್ಕಮ್ಮ. ತೆಗದು ಹೊಸಾದು ಹಾಕ್ತೀವಿ. ಇಲ್ಲಾಂದ್ರ ಸಾಯ್ತಾವು.”

“ಪುಣ್ಯ ಮಾಡ್ಯಾವು ಬಿಡು.”

ಮರುದಿನ ಬೆಳಿಗ್ಗೆ ಅವಳು ಕಮಲಾಪುರಕ್ಕೆ ಹೊರಟು ನಿಂತಳು. ವಿಜ್ಞಾನವನ್ನು ಸಾಕ್ಷಿಗೆ ಕರೆದವನೇ ಚಿಕ್ಕಪ್ಪ. ಧೂಳಿನ ನೀರು ತೆಗೆಯದಿದ್ದರೆ ಸಾಯುತ್ತವೆಂದು ಆ ಸಾಕ್ಷಿಯೇ ನುಡಿದ ಮೇಲೆ, ಈಗ ಬೇಡವೆನ್ನುವಂತಿರಲಿಲ್ಲ.

ತವರಿನ ಬಾಳೆತೋಟದ ಗಾಳಿಗೆ ಕೆಮ್ಮು ಇಳಿಯಿತು. ಇಳಿಯಿತೆಂದು ಅವಳು ಹೇಳಿದಳು, ನಾನೇನೂ ಅಳೆದವನಲ್ಲ. ಚಿಕ್ಕಪ್ಪ ಮಾತ್ರ ಹೊಸಪೇಟೆಯ ಗ್ಯಾರೇಜುಗಳಲ್ಲೆಲ್ಲ ಸಾರಿಕೊಂಡು ಬಂದಿದ್ದ: “ನಮ್ಮ ಹುಡುಗ ಆಕಿ ಜೀನ್ ಬಂದ್ ಮಾಡ್ಯಾನ.” ಮುಂದಿನ ರಜೆಗೆ ನಾನು ವಡ್ಡುವಿಗೆ ಹೋದಾಗ ಅವನ ಇಬ್ಬರು ಡ್ರೈವರುಗಳು ಕಟ್ಟೆಯ ಮೇಲೆ ಕೆಮ್ಮುತ್ತ ಕಾಯುತ್ತಿದ್ದರು. ಇವರು ಹೋಗಲು ಯಾವ ತೋಟವೂ ಇರಲಿಲ್ಲ. ಒಬ್ಬ ಆಗಲೇ ಅಂಗಿಯ ತೋಳು ಮಡಚಿದ್ದ.

“ನಮಗೂ ಒಂದೊಂದು ಸೂಜಿ ಹಾಕ್ಬಿಡ್ರಿ ಸರ್. ಜಲ್ದಿ ಹಾಕ್ರಿ, ಲೋಡ್ ನಿಂತೈತಿ.”