ನಮ್ಮ ದಂಡೆ, ಪುಟ್ಟಕ್ಕನ ಕಲ್ಲು

ನೀರಿನ ದಂಡೆಯಲ್ಲಿ ಮನೆ ಇರಬೇಕೆಂದು ನಾನು ಯಾವ ದೇವರಲ್ಲೂ ಬೇಡಿಕೊಂಡವಳಲ್ಲ. ಬೇಡದೆ ಸಿಕ್ಕಿತು. ಲಿಂಗನಮಕ್ಕಿಯಲ್ಲಿ ಕಟ್ಟೆ ಎದ್ದ ಮೇಲೆ ನೀರು ತಾನಾಗಿಯೇ ಗದ್ದೆ ದಾಟಿ, ದರೆ ಹತ್ತಿ, ನಮ್ಮ ಕೊಟ್ಟಿಗೆಯ ಕೆಳಗೆ ಬಂದು ನಿಂತಿತು. ಅಳತೆಯವರು ಎಳೆದ ಮುಳುಗಡೆಯ ಗೆರೆ ನಮ್ಮ ಬೇಲಿಯ ಕೆಳಗೆ ಹಾದುಹೋಯಿತು. ಪಕ್ಕದ ಪುಟ್ಟಕ್ಕನ ಮನೆಯ ಮೇಲೆ ಹಾದುಹೋಯಿತು. ಹಾಗಾಗಿ ನಾವು ಉಳಿದೆವು, ಅವಳು ಶಿವಮೊಗ್ಗೆ ಕಡೆಯ ಹೊಸ ಊರಿಗೆ ಹೋದಳು.

ನಾನು ನಿಜವಾದ ಸಮುದ್ರ ನೋಡಿದ್ದು ಒಂದೇ ಸಲ, ಗೋಕರ್ಣದಲ್ಲಿ. ಅದಕ್ಕೆ ದಿನಕ್ಕೆ ಎರಡು ಸಲ ಉಬ್ಬರ ಇಳಿತವಂತೆ. ನಮ್ಮದಕ್ಕೆ ವರ್ಷಕ್ಕೆ ಒಂದೇ. ಗಣಪತಿ ಹಬ್ಬದ ಹೊತ್ತಿಗೆ ಕೊಟ್ಟಿಗೆಯ ಕೆಳಗೆ ತುಳುಕುತ್ತಿರುವ ನೀರು ಯುಗಾದಿಯ ಹೊತ್ತಿಗೆ ಕೂಗಿದರೂ ಕೇಳದಷ್ಟು ದೂರ ಹೋಗಿರುತ್ತದೆ. ನಡುವೆ ಬರೀ ಕೆಸರು. ಹೋದ ವರ್ಷ ನಮ್ಮ ಕರು ಅದರಲ್ಲಿ ಹೊಟ್ಟೆಯವರೆಗೆ ಹೂತು, ನಾಲ್ಕು ಜನ ಹಗ್ಗ ಹಾಕಿ ಎಳೆಯಬೇಕಾಯಿತು. ಸೊಳ್ಳೆಯ ಮಾತು ಬೇಡ. ನೆಂಟರ ಮಾತು ಸ್ವಲ್ಪ ಹೇಳಬಹುದು. ಹೊಸನಗರದಿಂದ ಬಂದವರು ದಂಡೆಯಲ್ಲಿ ನಿಂತು, "ಗೋಕರ್ಣಕ್ಕೆ ಹೋಗೋ ಖರ್ಚು ಉಳೀತು ನೋಡಿ" ಎಂದು ಉಸಿರೆಳೆದುಕೊಂಡು ಒಳಗೆ ಬಂದು ಕೂರುತ್ತಾರೆ. ಗೋಕರ್ಣದ ಸಮುದ್ರ ಬಂದವರಿಗೆಲ್ಲ ಕಾಫಿ ಕಾಸಿಕೊಡುವುದಿಲ್ಲ. ನಮ್ಮದು ಕೊಡುತ್ತದೆ.

ಸುಖವೂ ಇದೆ, ಸುಳ್ಳು ಹೇಳಬಾರದು. ಬೇಸಿಗೆಯಲ್ಲಿ ನಾಲ್ಕು ಗಂಟೆಗೆ ಏಳುವ ಗಾಳಿ ಹಿಂದೆ ಇರಲಿಲ್ಲ. ಒಣಗಿ ನಿಂತ ಮರಗಳ ತುದಿಯಲ್ಲಿ ನೀರುಕಾಗೆಗಳು ರೆಕ್ಕೆ ಬಿಡಿಸಿಕೊಂಡು, ನಾನು ಹಗ್ಗದ ಮೇಲೆ ಹರವಿದ ರವಿಕೆಗಳ ಹಾಗೆ, ಬಿಸಿಲಿಗೆ ಮೈ ಕಾಯಿಸುತ್ತವೆ. ಇನ್ನು ತೀರ್ಥಸ್ನಾನ. ಸಂಕ್ರಾಂತಿಗೆ ಶರಾವತಿಯಲ್ಲಿ ಮೀಯಲು ಮೊದಲು ಎರಡು ಮೈಲಿ ಇಬ್ಬನಿ ತುಳಿದುಕೊಂಡು ಹೋಗಬೇಕಿತ್ತು. ಈಗ ಅವಳೇ ಬಾಗಿಲಿಗೆ ಬಂದಿದ್ದಾಳೆ. ಮಿಂದ ಪುಣ್ಯವೆಷ್ಟು, ನಡೆದ ಪುಣ್ಯವೆಷ್ಟು ಎಂಬ ಲೆಕ್ಕ ನನಗೆ ಗೊತ್ತಿಲ್ಲದ್ದರಿಂದ, ಸಂಕ್ರಾಂತಿಯ ಬೆಳಿಗ್ಗೆ ಹಿತ್ತಲ ಬಾಗಿಲಿಂದ ಹೊರಟು, ಗುಡ್ಡವನ್ನು ಒಂದು ಸುತ್ತು ಹಾಕಿ ಬಂದು, ಮನೆಯ ಮುಂದೆಯೇ ಮುಳುಗು ಹಾಕುತ್ತೇನೆ. ದೇವರು ನೋಡಿದರೆ ನಗುತ್ತಾನೆ, ಅಷ್ಟೇ.

ಆದರೆ ನಾಲ್ಕು ವರ್ಷಗಳಿಂದ ಆ ದೇವರ ಮುಂದೆ ಪೂರ್ತಿ ತಲೆಯೆತ್ತಿ ನಿಲ್ಲಲು ನನಗೆ ಆಗಿರಲಿಲ್ಲ. ಕಾರಣ ಒಂದು ಬಟ್ಟೆ ಒಗೆಯುವ ಕಲ್ಲು.

ಪುಟ್ಟಕ್ಕ ಹೊರಟ ದಿನ ಅವಳ ಗಾಡಿಗಳಲ್ಲಿ ಹೆಂಚು, ಬಾಗಿಲು, ತೊಲೆ, ಬೀಸುವ ಕಲ್ಲು, ಮಣ್ಣುಸಮೇತ ಕಿತ್ತ ತುಳಸಿ, ಎಲ್ಲವೂ ಏರಿದವು. ಒಗೆಯುವ ಕಲ್ಲಿಗೆ ಮಾತ್ರ ಜಾಗವಾಗಲಿಲ್ಲ. ಅವಳು ಮದುವೆಯಾಗಿ ಬಂದಾಗ ಅವಳಪ್ಪ ಕಡಿಸಿ ತಂದ ಕಲ್ಲು ಅದು. ಒಂದು ಮೂಲೆಯಲ್ಲಿ ಅಂಟುವಾಳದ ಕಾಯಿ ಇಡಲು ಸಣ್ಣ ಗುಳಿ. ಹದಿನಾರು ವರ್ಷ ನಾವಿಬ್ಬರೂ ಅದರ ಎರಡು ಕಡೆ ನಿಂತು ಒಗೆದಿದ್ದೇವೆ. ಒಗೆದ ಬಟ್ಟೆಗಿಂತ ಆಡಿದ ಮಾತೇ ಹೆಚ್ಚು.

"ಆಮೇಲೆ ಗಾಡಿ ಕಳಿಸ್ತೀನಿ. ಅಲ್ಲೀವರೆಗೆ ನಿನ್ ಹತ್ರ ಇರ್ಲಿ, ಜೋಪಾನ ಕಣೇ" ಎಂದಳು. ಅವಳು ಆ ದಿನ ಅತ್ತದ್ದು ಅದೊಂದೇ ಮಾತಿಗೆ.

ನಮ್ಮ ಯಜಮಾನರು ಕಲ್ಲನ್ನು ಉರುಳಿಸಿ ತಂದು, ನಮ್ಮ ಕೆಳಗಿನ ಗದ್ದೆಯ ಅಂಚಿನಲ್ಲಿ, ಅತ್ತಿಮರದ ಬುಡದಲ್ಲಿ ಹಾಕಿದರು. ಮಳೆಗಾಲದಲ್ಲಿ ನೀರು ಅಲ್ಲಿಗೆ ಬಂತು. ಹೊಳೆಯ ಪಕ್ಕ ಹುಟ್ಟಿ ಬೆಳೆದ ನಮಗೆ ಗೊತ್ತಿದ್ದದ್ದು ನೆರೆ ಒಂದೇ. ನೆರೆ ಬರುತ್ತದೆ, ಎರಡು ದಿನ ನಿಲ್ಲುತ್ತದೆ, ಹೋಗುತ್ತದೆ.

"ಕಲ್ಲು ಮೇಲೆ ತಂದ್ಬಿಡಿ" ಎಂದೆ.

"ಎಂಥಕ್ಕೆ? ನಾಡಿದ್ದು ಇಳಿಯತ್ತೆ ಬಿಡು" ಎಂದರು ಇವರು.

ನನಗೂ ಹೌದೆನಿಸಿತು. ಬಾವಿಯಿಂದ ಸೇದುವ ಕೆಲಸ ತಪ್ಪಿತೆಂದು ಪಾದ ಮುಳುಗುವ ನೀರಿನಲ್ಲಿ ನಿಂತು ಸಂತೋಷವಾಗಿಯೇ ಒಗೆದೆ. ಮರುದಿನ ಮೊಣಕಾಲು. ಅದರ ಮರುದಿನ ಕಲ್ಲು ಇರಲಿಲ್ಲ. ನೀರು ಇಳಿದದ್ದು ಆರು ತಿಂಗಳ ಮೇಲೆ. ಆಗ ಅತ್ತಿಮರ ಬಿದ್ದು ಕೊಚ್ಚಿಹೋಗಿತ್ತು. ಗದ್ದೆಯ ಅಂಚು, ಬದು ಎಲ್ಲ ಒಂದೇ ಸಮ ಕೆಸರಾಗಿ ಗುರುತೇ ಸಿಗಲಿಲ್ಲ.

ಅಷ್ಟರಲ್ಲಿ ಶಿವಮೊಗ್ಗೆ ಬಸ್ಸಿನ ಕಂಡಕ್ಟರ್ ಶೇಷಣ್ಣ ಒಂದು ದಿನ ಮೆಟ್ಟಿಲ ಮೇಲೆ ನೇತಾಡಿಕೊಂಡು ಕೂಗಿದ: "ಅಮ್ಮಾ, ಪುಟ್ಟಕ್ಕ ಕೇಳಿದ್ರು, ಕಲ್ಲು ಹೆಂಗಿದೆ ಅಂತ!"

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಮಗುವಿನ ಯೋಗಕ್ಷೇಮ ಕೇಳಿದ ಹಾಗೆ ಕಲ್ಲಿನದು! ಆ ನಗುವಿನ ಮಧ್ಯೆ ನನ್ನ ಬಾಯಿಂದ ಬಂದುಬಿಟ್ಟಿತು: "ಕ್ಷೇಮ ಅಂತ ಹೇಳಪ್ಪಾ!"

ಒಂದು ಸಲ ಹೇಳಿದ ಮೇಲೆ ಮುಗಿಯಿತು. ಎರಡು ಮೂರು ತಿಂಗಳಿಗೊಮ್ಮೆ ಶೇಷಣ್ಣ ಕೇಳುವನು, ನಾನು ಕ್ಷೇಮ ಎನ್ನುವೆ. ಬೇಸಿಗೆ ಬಂದರೆ ಇವರ ಊರುಗೋಲು ಹಿಡಿದು ಕೆಸರು ಚುಚ್ಚುತ್ತಾ ಹೋಗುವೆ. "ಎಂಥ, ಗೆಣಸು ಕೀಳ್ತೀಯಾ?" ಎಂದು ಇವರು ಜಗಲಿಯಿಂದ ಕೇಳುವರು. ಕಲ್ಲು ಇನ್ನೂ ಕೆಳಗೆ ಜಾರಿರಬಹುದೆಂದು ಸಂಜೆ ದೀಪ ಹಚ್ಚಿ, ನೀರು ಇನ್ನೂ ಸ್ವಲ್ಪ ಇಳಿಸಪ್ಪಾ ಎಂದು ಕೈಮುಗಿದರೆ ಅದಕ್ಕೂ ಒಂದು ಮಾತು: "ಅಲ್ಲಿ ಜೋಗದೋರು ಕರೆಂಟಿಗೆ ನೀರು ಏರ್ಲಿ ಅಂತ ಬೇಡ್ತಾರೆ, ನೀನು ಇಳೀಲಿ ಅಂತೀಯ. ದೇವ್ರು ಯಾರ ಮಾತು ಕೇಳ್ಬೇಕು?"

ಈ ವೈಶಾಖದಲ್ಲಿ ಪುಟ್ಟಕ್ಕ ಹೇಳದೆ ಕೇಳದೆ ಬಸ್ಸಿಳಿದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ನೀರು ಕುಡಿದು ಲೋಟ ಕೆಳಗಿಟ್ಟವಳೇ, "ನಡಿ, ದಂಡೆಗೆ ಹೋಗಣ" ಎಂದಳು. ಕೆಸರಿನ ಅಂಚಿನವರೆಗೆ ನಡೆದೆವು. ಅವಳು ಕೇಳುವ ಮೊದಲೇ ಹೇಳಿಬಿಡಬೇಕೆಂದುಕೊಂಡಿದ್ದೆ. ಹೇಳುವಷ್ಟರಲ್ಲಿ ಅಳು ಬಂತು.

"ಪುಟ್ಟಕ್ಕ, ಕಲ್ಲು ಇಲ್ಲ ಕಣೇ. ಮೊದಲ್ನೇ ಮಳೆಗಾಲದಲ್ಲೇ ಹೋಯ್ತು. ನಾಲ್ಕು ವರ್ಷ ನಿಂಗೆ ಸುಳ್ಳು ಹೇಳಿದೀನಿ."

ಅವಳು ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು.

"ಥೂ ಮಾರಾಯ್ತಿ, ನಂಗೆ ಗೊತ್ತಿಲ್ವನೇ? ಊರಿಗೂರೇ ಮುಳುಗಿದ ಮೇಲೆ ನಿನ್ನ ಕೆಳಗಿನ ಗದ್ದೆ ಉಳಿಯತ್ತಾ?"

"ಮತ್ತೆ ಕೇಳ್ತಿದ್ದೆ ಎಂಥಕ್ಕೆ?"

ಅವಳು ತನ್ನ ಮನೆಯಿದ್ದ ಕಡೆ ನೋಡಿದಳು. ಅಲ್ಲಿ ಬರೀ ಕೆಸರು ಬಿಸಿಲಿಗೆ ಹೊಳೆಯುತ್ತಿತ್ತು. "ಮನೆ ಹೋಯ್ತು, ಬಾವಿ ಹೋಯ್ತು. ಇಲ್ಲಿದ್ದದ್ರಲ್ಲಿ ಒಂದಾದ್ರೂ ಕ್ಷೇಮ ಇದೆ ಅಂತ ಯಾರಾದ್ರೂ ಹೇಳ್ಬೇಕಿತ್ತು. ನೀನು ಹೇಳ್ದೆ. ಅಷ್ಟು ಸಾಕಾಗ್ತಿತ್ತು."

ಊರುಗೋಲನ್ನು ಅವಳ ಕೈಗೆ ಕೊಟ್ಟೆ. ಸೀರೆ ಎತ್ತಿ ಕಟ್ಟಿಕೊಂಡು ಇಬ್ಬರೂ ಕೆಸರಿಗಿಳಿದು, ನಗುತ್ತಾ ಬೈದುಕೊಳ್ಳುತ್ತಾ, ಹೊತ್ತು ನೆತ್ತಿಗೆ ಬರುವವರೆಗೆ ಚುಚ್ಚಿದೆವು. ಕಲ್ಲು ಸಿಗಲಿಲ್ಲ. ಕೆಸರಾದ ಎರಡು ಸೀರೆಗಳನ್ನು ಬಾವಿಕಟ್ಟೆಯ ಮೇಲೆ ಹಾಕಿ ಜೊತೆಗೆ ಒಗೆದೆವು. ನಾಲ್ಕು ವರ್ಷದ ಮಾತೆಲ್ಲ ಬಾಕಿಯಿತ್ತು, ಊಟಕ್ಕೆ ಮೂರು ಗಂಟೆಯಾಯಿತು.

ಎರಡು ದಿನ ಇದ್ದು ಹೊರಟಳು. ಬಸ್ಸು ಅಲುಗಿದ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಶೇಷಣ್ಣನಿಗೂ ಕೇಳುವ ಹಾಗೆ ಕೂಗಿದಳು: "ಕಲ್ಲು ಜೋಪಾನ ಕಣೇ!"

ಯೋಚಿಸಿದೆ. ಕಳ್ಳರು ಕದಿಯಲಾರರು, ಬಿಸಿಲಿಗೆ ಬಿರಿಯದು, ಯಾವ ಅಳತೆಯವರೂ ಇನ್ನು ಅದನ್ನು ಎಬ್ಬಿಸಲಾರರು. ಶರಾವತಿಯ ಮಡಿಲಲ್ಲಿ ಮಲಗಿದೆ. ನನ್ನ ಸುಳ್ಳನ್ನು ದೇವರು ಯಾವಾಗಲೋ ತಿದ್ದಿ ಇಟ್ಟಿದ್ದ.

"ಕ್ಷೇಮ ಇದೆ, ಹೋಗಿ ಬಾ!" ಎಂದು ನಾನೂ ಕೂಗಿದೆ. ಅಂದು ಸಂಜೆ ದೀಪ ಹಚ್ಚಿದಾಗ ನೀರು ಇಳಿಸೆಂದು ಕೇಳಲಿಲ್ಲ.