ಪೂಜೆಯ ಫೋಟೊದಲ್ಲಿ ಕಂಡ ಗುಪ್ತ ಸಂಕೇತ

ಕಳೆದ ಸೋಮವಾರ ಮೋರಖಂಡಿಯ ನೀರಿನ ಟ್ಯಾಂಕಿಗೆ ಕೂಡಿಸಬೇಕಿದ್ದ ಸಾಧನವನ್ನು ನಾನು ಕೂಡಿಸದೆ ವಾಪಸ್ ಹುಮನಾಬಾದಿಗೆ ತಂದೆ. ಸಣ್ಣ ಬ್ಯಾಟರಿಯಲ್ಲೇ ದೂರದ ನೆಟ್‌ವರ್ಕ್ ಗೋಪುರಕ್ಕೆ ಸಂದೇಶ ಕಳಿಸಿ, ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂಬುದನ್ನು ಅದು ನೀರಗಂಟಿಯ ಮೊಬೈಲಿಗೆ ತಿಳಿಸಬೇಕಿತ್ತು.

ನೀರಗಂಟಿ ಶರಣಪ್ಪ ಕಾಕಾ ಮೊಣಕಾಲು ನೋವಿನಲ್ಲೇ ದಿನಾ ಟ್ಯಾಂಕು ಹತ್ತಿ ಇಣುಕಿ ನೋಡುತ್ತಾರೆ. ಹಿಂದಿನ ದಿನವೇ ಸಾಧನದ ಡಬ್ಬಿಯನ್ನು ಅವರ ಮನೆಯಲ್ಲಿಟ್ಟು ಬಂದಿದ್ದೆ. ಹೊಸ ಯಂತ್ರವೆಂದು ಅವರು ಕುಂಕುಮ ಹಚ್ಚಿ, ಕಾಯಿ ಒಡೆದು, ಫೋಟೊ ತೆಗೆದು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದರು. ಅದರಲ್ಲಿ ಡಬ್ಬಿಯ ಚೀಟಿ ಸ್ಪಷ್ಟವಾಗಿ ಕಾಣುತ್ತಿತ್ತು. ನೆಟ್‌ವರ್ಕ್ ಆ ಸಾಧನವನ್ನು ಗುರುತಿಸುವ ಗುಪ್ತ ಸಂಕೇತ ಇದ್ದದ್ದು ಅದೇ ಚೀಟಿಯಲ್ಲಿ. ಅದು ಸಿಕ್ಕವರು ಸಾಧನದ ಹೆಸರಿನಲ್ಲಿ ಸುಳ್ಳು ಸಂದೇಶ ಕಳಿಸಬಹುದು ಎಂದು ಸೋಮವಾರ ಕಾಕಾರಿಗೆ ಹೇಳಿದೆ.

“ಪೂಜಿ ಮಾಡೀನ್ರಿ ಸಾಹೇಬ್ರ! ನಮ್ಮ ಟಾಕಿ ಬ್ಯಾಸಗ್ಯಾಗ ಖಾಲಿನೇ ಇರ್ತದ, ಯಾವ ಕಳ್ಳ ಏನ್ ಒಯ್ತಾನ್ರಿ?” ಎಂದು ಕಾಕಾ ನಕ್ಕರು.

“ಖಾಲಿ ಇದ್ದಾಗ ಮೊಬೈಲ್‌ನಾಗ ತುಂಬೇದ ಅಂತ ಬಂದ್ರ ಮೋಟರ್ ಹಚ್ಚತೀರೇನ್ ಕಾಕಾ?”

ಅವರ ನಗು ನಿಂತಿತು. ಕಟ್ಟೆಯ ಮೇಲೆ ಕುಳಿತು ಮೊಣಕಾಲು ನೀವಿಕೊಂಡರು. “ಹಂಗಾದ್ರ ಒಯ್ದು ಸರಿ ಮಾಡ್ಸಿ ತರ್ರಿ. ಅಲ್ಲೀತನಾ ನಾನೇ ಏರತೀನಿ.”

ಹೊಸ ಸಂಕೇತ ಹಾಕಿಸಿಕೊಳ್ಳಲು ಸಾಧನ ಇನ್ನೂ ಹುಮನಾಬಾದಿನ ನಮ್ಮ ಕಚೇರಿಯಲ್ಲಿ ಸರದಿ ಕಾಯುತ್ತಿದೆ. ಇದನ್ನು ತಿಳಿಸಲು ನಿನ್ನೆ ಬೆಳಿಗ್ಗೆ ಫೋನ್ ಮಾಡಿದೆ. “ಏಣಿ ಮ್ಯಾಲಿದ್ದೀನ್ರಿ, ಇಳದು ಮಾತಾಡ್ತೀನಿ,” ಎಂದರು ಕಾಕಾ.