ಸೊಪ್ಪಿನಡಿಯ ಸುದ್ದಿ

ತೊಂಬತ್ತರ ದಶಕದ ನಡುವಿನ ಒಂದು ವರ್ಷ ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದರಲ್ಲಿ ಫೇಲಾದೆ. ತೊಣ್ಣೂರು ಕೆರೆಯ ಹತ್ತಿರದ ನಮ್ಮೂರಿನಲ್ಲಿ ಅದೇನು ದೊಡ್ಡ ಸುದ್ದಿಯಲ್ಲ. ಅಪ್ಪ ಬೈಯಲೂ ಇಲ್ಲ. ‘ಓದಿದ್ದು ಸಾಕು ಬುಡು, ಉಳ ನೋಡ್ಕೊ’ ಎಂದು ನನ್ನನ್ನು ರೇಷ್ಮೆ ಹುಳು ಸಾಕುವ ಕೋಣೆಗೆ ಸೇರಿಸಿದ. ನನಗೆ ಕೆ.ಆರ್. ಪೇಟೆ ಕಡೆಯ ಗಂಡೊಂದು ಗೊತ್ತಾಗುವ ಹಾಗೂ ಇತ್ತು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಆ ತಣ್ಣಗಿನ ‘ಸಾಕು ಬುಡು’ ನನ್ನ ಮೈ ಉರಿಸಿತು. ನನಗೆ ಇನ್ನೂ ಓದಬೇಕಿತ್ತು.

ಬಿದಿರಿನ ತಟ್ಟೆಗೆ ಹಳೇ ಪೇಪರು ಹಾಸಿ, ಹುಳು ಬಿಟ್ಟು, ಮೇಲೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪು ಉದುರಿಸುವುದು ನನ್ನ ಮತ್ತು ಅವ್ವನ ಕೆಲಸ. ಪೇಪರನ್ನು ಅಪ್ಪ ಪಾಂಡವಪುರದ ಗುಜರಿ ಅಂಗಡಿಯಿಂದ ಕಟ್ಟುಗಟ್ಟಲೆ ತರುತ್ತಿದ್ದ. ಎಲ್ಲ ಒಂದೆರಡು ವರ್ಷ ಹಳೆಯವು. ಹುಳು ಸೊಪ್ಪು ತಿನ್ನುತ್ತ ಹೋದಂತೆ ಕೆಳಗಿನ ತಲೆಬರಹ ಒಂದೊಂದೇ ಪದವಾಗಿ ಕಾಣಿಸಿಕೊಳ್ಳುತ್ತಿತ್ತು. ಓದಲು ಬಾರದ ಅವ್ವ ‘ಏನಂತೆ?’ ಅನ್ನುವಳು. ಓದಿ ಹೇಳಿದರೆ ‘ಆಮೇಲೆ?’ ಅನ್ನುವಳು. ಆಮೇಲಿನದು ಹರಿದಿರುತ್ತಿತ್ತು, ಇಲ್ಲವೇ ಹಿಕ್ಕೆ ಮೆತ್ತಿಕೊಂಡಿರುತ್ತಿತ್ತು. ಹಾಗಾಗಿ ಮುಂದಿನದನ್ನು ಅವಳೇ ಕಟ್ಟುತ್ತಿದ್ದಳು.

‘ಸೇತುವೆಗೆ ಮೂರನೇ ಬಾರಿ ಶಂಕುಸ್ಥಾಪನೆ’ ಎಂದು ಒಮ್ಮೆ ಓದಿದೆ.

‘ಇನ್ನೊಂದಿಪ್ಪತ್ ಸಲ ಆಕ್ಲಿ ಬುಡು. ಆ ಕಲ್ಲುಗಳ್ನೇ ಸಾಲಾಗಿ ಜೋಡುಸ್ಬುಟ್ರೆ ಜನ ಅದ್ರ ಮ್ಯಾಲೇ ನಡ್ಕಂಡ್ ದಾಟ್ಕತಾರೆ’ ಅಂದಳು.

ಇನ್ನೊಂದು ದಿನ ‘ಕಳೆದ ಕಡತ ಹುಡುಕಲು ಸಮಿತಿ’ ಸಿಕ್ಕಿತು. ಅವ್ವನ ಪ್ರಕಾರ ಆ ಸಮಿತಿಯ ಕಡತವೇ ಕಳೆದುಹೋಯಿತು. ಅದನ್ನು ಹುಡುಕಲು ಮತ್ತೊಂದು ಸಮಿತಿ. ಕೊನೆಗೆ ಆಫೀಸಿನವರೆಲ್ಲ ಬೀರುಗಳ ಸಂದಿಗೆ ತಲೆ ತೂರಿಸಿದಾಗ, ಬಾಗಿಲಲ್ಲಿದ್ದ ಜವಾನ ಸಾಹೇಬರ ಕುರ್ಚಿಯಲ್ಲಿ ಕೂತು ಬಂದವರಿಗೆಲ್ಲ ಸೀಲು ಒತ್ತಿ ಕಳಿಸಿದ. ‘ಆ ವರ್ಸ ಒಬ್ರೂ ಎಲ್ಡ್ನೇ ಸಲ ಆಪೀಸಿಗೆ ಅಲೀಲಿಲ್ಲ ಕಣಮ್ಮಿ!’ ನಗುವಿನಲ್ಲಿ ನನ್ನ ಉರಿ ಒಂದಷ್ಟು ಹೊತ್ತು ಮರೆತುಹೋಗುತ್ತಿತ್ತು.

ಹೀಗಿರುವಾಗ ಒಂದು ತಟ್ಟೆಯಲ್ಲಿ ‘ಅನುತ್ತೀರ್ಣರಾದವರಿಗೆ ಅಕ್ಟೋಬರ್ ಪರೀಕ್ಷೆ’ ಎಂದು ಕಂಡಿತು. ಓದಿ ಹೇಳಿದೆ.

‘ಆಮೇಲೆ?’

‘ಆಮೇಲೇನು, ಆ ಹುಡ್ಗಿ ತಿರ್ಗಾ ಫೇಲಾದ್ಲು. ಊರೆಲ್ಲ ನಗ್ತು.’

ಅವ್ವ ಸೊಪ್ಪು ಹೆಚ್ಚುವ ಕತ್ತಿ ಕೆಳಗಿಟ್ಟಳು. ‘ಅಂಗಾಗಕಿಲ್ಲ. ಬ್ಯಾರೆ ಯೇಳು.’

‘ಹಳೇ ಪೇಪರು ಕಣವ್ವ. ಹೋದ್ವರ್ಷದ್ದು.’

‘ಈ ವರ್ಸ ಅಕ್ಟೋಬರ್ ಬರಕಿಲ್ವಾ?’

ಮಾರನೆಯ ಬೆಳಿಗ್ಗೆ, ಕೈಗೆ ಅಂಟಿದ ಸೊಪ್ಪಿನ ಕರೆಯನ್ನೂ ತೊಳೆಯದೆ ಅವ್ವ ಬಸ್ಸು ಹತ್ತಿದಳು. ನನ್ನ ಶಾಲೆಗೆ ಹೋಗಿ, ಮೇಷ್ಟರನ್ನು ಹಿಡಿದು, ಅರ್ಜಿ ತಂದಳು. ಕೊನೆಯ ದಿನಕ್ಕೆ ಮೂರೇ ದಿನ ಬಾಕಿ ಇತ್ತು.

ಅಪ್ಪನಿಗೆ ಸಿಟ್ಟು ಬಂತು. ‘ಉಳ ಪೊರೆ ಬುಟ್ಟು ಕೊನೇ ಜ್ವರದಿಂದ ಎದ್ದವೆ, ಗಳಿಗೆ ಗಳಿಗೆಗೂ ಸೊಪ್ ಕೇಳ್ತವೆ. ಕ್ಯಾಮೆ ಯಾರ್ ಮಾಡರು? ಗಂಡಿನವ್ರಿಗೆ ಏನ್ ಯೇಳನ? ತಿರ್ಗಾ ಫೇಲಾದ್ರೆ?’

ಅವ್ವ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: ‘ತಿರ್ಗಾ ಬರೀತೀನಿ. ಪಾಸಾಗೋಗಂಟ ಬರೀತೀನಿ. ಅಲ್ಲೀಗಂಟ ಯಾರ್ ಮುಂದೂ ಕಾಫಿ ಲೋಟ ಹಿಡ್ಕಂಡು ನಿಂತ್ಕಳಕಿಲ್ಲ.’ ಅಪ್ಪನ ಎದುರು ಅಷ್ಟು ಮಾತಾಡಿದ್ದು ಅದೇ ಮೊದಲು.

ಅಪ್ಪ ಅರ್ಜಿಯನ್ನು ಮೇಲಿಂದ ಕೆಳಗೆ ಓದಿ ರುಜು ಹಾಕಿದ. ‘ಒಂದೇ ಸಲ. ಆಮ್ಯಾಲೆ ಈ ಮಾತು ಎತ್ತಂಗಿಲ್ಲ’ ಅಂದ. ನಾನು ಅದಕ್ಕೆ ಮಾತು ಕೊಡದೆ ಅರ್ಜಿ ಎತ್ತಿಕೊಂಡೆ.

ನಾನು ಹಜಾರದಲ್ಲಿ ಲೆಕ್ಕ ಹಿಡಿದು ಕೂತೆ. ಹುಳುಮನೆಯಲ್ಲಿ ನನ್ನ ಜಾಗಕ್ಕೆ ಅಪ್ಪನೇ ಬಂದ. ಅವ್ವ ಬಿಟ್ಟಾಳೆಯೇ? ಗೋಡೆಯಾಚೆಯಿಂದ ಎಲ್ಲ ಕೇಳುತ್ತಿತ್ತು. ‘ಚಿರತೆ ಹಿಡಿಯಲು ನಾಗಮಂಗಲದ ಬಳಿ ಬೋನು’ ಎಂದು ಅಪ್ಪ ಕೋರ್ಟಿನ ನೋಟೀಸು ಓದುವವನ ಹಾಗೆ ಓದಿದ.

‘ಆಮೇಲೆ?’

‘ಆಮೇಲೇನು? ಇಷ್ಟೇ ಬರ್ದವ್ರೆ.’

‘ನೀವೇ ಯೇಳಿ.’

ತಟ್ಟೆಗೆ ಸೊಪ್ಪು ಉದುರಿಸಿದ ಸದ್ದಾಯಿತು. ಆಮೇಲೆ ಅಪ್ಪ ಶುರುಮಾಡಿದ. ‘ಬೋನೊಳ್ಗೆ ಮೇಕೆ ಕಟ್ಟಿದ್ರು. ಚಿರತೆ ಬರ್ಲೇ ಇಲ್ಲ. ಮೇಕೆ ಕೊಟ್ಟಿದ್ದೆಲ್ಲ ತಿಂದು ತಿಂದು ಬಾಗ್ಲಲ್ಲಿ ತೂರಕಾಗ್ದಂಗೆ ಊದ್ಕಂಬುಡ್ತು. ಈಗ ಮೇಕೇನ ಈಚ್ಗೆ ತಗಿಯಾಕೆ ಬೋನ್ನೇ ಕುಯ್ತಾವ್ರೆ. ಚಿರತೆ ಬೇಲಿ ಸಂದೀಲಿ ಕೂತು ನೋಡ್ತಾ ಅದೆ.’ ಅವ್ವ ಬಿದ್ದು ಬಿದ್ದು ನಕ್ಕಳು. ನನ್ನ ಲೆಕ್ಕ ತಪ್ಪಿತು. ಅಪ್ಪನಿಗೆ ಇದೆಲ್ಲ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಅಕ್ಟೋಬರಿನಲ್ಲಿ ಬರೆದೆ. ನಾಲ್ಕು ಅಂಕದಲ್ಲಿ ಮತ್ತೆ ಫೇಲಾದೆ.

ಶಾಲೆಯಲ್ಲಿ ಫಲಿತಾಂಶ ನೋಡಿಕೊಂಡು ಬಂದವಳು ಬಸ್ಸಿಳಿದು ಮನೆಯ ತನಕ ಜಗಳದ ಮಾತುಗಳನ್ನೇ ಜೋಡಿಸಿಕೊಳ್ಳುತ್ತ ನಡೆದೆ. ಅಪ್ಪ ಏನೇ ಅನ್ನಲಿ, ಬೆಳಗೊಳದ ಚಿಕ್ಕವ್ವನ ಮನೆಯಲ್ಲಿ ಇದ್ದುಕೊಂಡಾದರೂ ಬರೆಯುವವಳೇ. ಅಪ್ಪ ಬಾಗಿಲಲ್ಲೇ ಕೂತು ಸೊಪ್ಪು ಹೆಚ್ಚುತ್ತಿದ್ದ.

‘ಎಷ್ಟರಲ್ಲಿ ಓಯ್ತು?’

‘ನಾಕು.’

ಅವನು ಕತ್ತಿಗೆ ಅಂಟಿದ ಸೊಪ್ಪನ್ನು ಬೆರಳಲ್ಲಿ ಸವರಿ ತೆಗೆದ. ಆಮೇಲೆ ನನ್ನತ್ತ ತಲೆಯೆತ್ತಿ ಕೇಳಿದ:

‘ಮಾರ್ಚಿನ್ ಪರೀಕ್ಸೆಗೆ ಅರ್ಜಿ ಕೊನೇ ದಿನ ಯಾವತ್ತವ್ವ?’

ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತು, ಅಲ್ಲೇ ಸೊಪ್ಪಿನ ರಾಶಿಯ ಪಕ್ಕ ಕೂತು ಅತ್ತುಬಿಟ್ಟೆ.